ಹದಿಮೂರು ಸಾವಿರ ಸೈನಿಕರು, ಒಂದು ಜೊತೆ ರೋಲರ್ ಸ್ಕೇಟ್: ‘ಯುದ್ಧ ಮತ್ತು ಶಾಂತಿ’ ತೆರೆಗೆ ಬಂದ ಬಗೆ

1959ರಲ್ಲಿ ಸೋವಿಯತ್ ಒಕ್ಕೂಟದ ಚಿತ್ರಮಂದಿರಗಳಿಗೆ ಹೊರನಾಡಿನ ಒಂದು ಚಿತ್ರ ಬಂತು. ನಿರ್ದೇಶಕ ಕಿಂಗ್ ವಿಡಾರ್. ನತಾಶಾ ಪಾತ್ರಕ್ಕೆ ಆಡ್ರಿ ಹೆಪ್‌ಬರ್ನ್, ಪಿಯೇರ್ ಪಾತ್ರಕ್ಕೆ ಹೆನ್ರಿ ಫೋಂಡಾ. ಮೂರು ವರ್ಷ ಹಳೆಯ ಚಿತ್ರವಾದರೂ 3 ಕೋಟಿ 14 ಲಕ್ಷ ಟಿಕೆಟ್ ಮಾರಾಟವಾದವು. ರಷ್ಯದ ಲೇಖಕ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯನ್ನು ಅಮೆರಿಕದವರು ಚಿತ್ರ ಮಾಡಿದರು, ಅದನ್ನು ಟಾಲ್‌ಸ್ಟಾಯ್ ಊರಿನವರೇ ಸಾಲುಗಟ್ಟಿ ನೋಡಿದರು. ಮಾಸ್ಕೋದ ಅಧಿಕಾರಿಗಳಿಗೆ ಇದು ಮುಖಭಂಗವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನೆಪೋಲಿಯನ್ ದಂಡೆತ್ತಿ ಬಂದ 1812ರ ಯುದ್ಧಕ್ಕೆ 150 ವರ್ಷ ತುಂಬುವ ಕಾಲವೂ ಹತ್ತಿರ ಬರುತ್ತಿತ್ತು. ಅಮೆರಿಕನ್ ಚಿತ್ರವನ್ನು ಮೀರಿಸುವ ಚಿತ್ರ ನಮ್ಮಿಂದ ಬರಲೇಬೇಕೆಂದು ಚಿತ್ರರಂಗದ ಹಿರಿಯರು 1961ರಲ್ಲಿ ಪತ್ರ ಬರೆದರು. ಸಂಸ್ಕೃತಿ ಸಚಿವೆ ಯೆಕತೆರೀನಾ ಫುರ್ತ್ಸೆವಾ ಒಪ್ಪಿದರು.

ಕೆಲಸ ಸಿಕ್ಕಿದ್ದು ಸೆರ್ಗೆಯ್ ಬೊಂಡಾರ್ಚುಕ್ ಅವರಿಗೆ. ನಟನಾಗಿ ಹೆಸರಿದ್ದವರು, ಆದರೆ ಆವರೆಗೆ ನಿರ್ದೇಶಿಸಿದ್ದು ಒಂದೇ ಚಿತ್ರ. ರೇಸಿನಲ್ಲಿ ಮುಂದಿದ್ದ ಹಿರಿಯ ನಿರ್ದೇಶಕ ಇವಾನ್ ಪೀರ್ಯೆವ್ ಹಿಂದೆ ಸರಿದರು. ನಲವತ್ತರ ಬೊಂಡಾರ್ಚುಕ್ ಮುಂದಿನ ಆರು ವರ್ಷವನ್ನು ಇದೊಂದಕ್ಕೇ ಕೊಟ್ಟರು.

ಈ ಚಿತ್ರದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಅಂಕಿಗಳು: ಸೈನಿಕರು ಎಷ್ಟು, ಮದ್ದು ಎಷ್ಟು ಟನ್, ರೂಬಲ್ ಎಷ್ಟು. ಅವೆಲ್ಲ ಈ ಬರಹದಲ್ಲೂ ಇವೆ, ಇಲ್ಲದೆ ಆಗದು. ಆದರೆ ಕಾದಂಬರಿಯನ್ನು ತೆರೆಗೆ ದಾಟಿಸುವ ಕೆಲಸದ ಬಹುಪಾಲು ನಡೆದದ್ದು ಸೈನ್ಯದಿಂದಲ್ಲ, ಕಾಸು ಖರ್ಚಿಲ್ಲದ ಕೆಲವು ಚಿಕ್ಕ ಉಪಾಯಗಳಿಂದ. ಸೈನ್ಯ ಚಿತ್ರಕ್ಕೆ ಕೊಟ್ಟದ್ದೂ ಇದೆ, ಕಸಿದುಕೊಂಡದ್ದೂ ಇದೆ.

ಪುಟಕ್ಕೆ ಇಪ್ಪತ್ತು ಸೆಕೆಂಡು

ಕಾದಂಬರಿ ನಾಲ್ಕು ಸಂಪುಟ, ಅದರ ಮೇಲೆ ಎರಡು ಭಾಗದ ಉಪಸಂಹಾರ. ಪಾತ್ರಗಳು ಐನೂರಕ್ಕೂ ಹೆಚ್ಚು. ಮುದ್ರಣ ಯಾವುದೇ ಇರಲಿ, ಸಾವಿರದ ಇನ್ನೂರು ಪುಟದ ಆಸುಪಾಸು ಆಗುತ್ತದೆ. ಬೊಂಡಾರ್ಚುಕ್ ಚಿತ್ರದ ನಾಲ್ಕು ಭಾಗ ಸೇರಿದರೆ 431 ನಿಮಿಷ. ಭಾಗಿಸಿ ನೋಡಿದರೆ ಪುಟವೊಂದಕ್ಕೆ ಸಿಗುವುದು ಇಪ್ಪತ್ತು ಸೆಕೆಂಡಿಗಿಂತ ಕೊಂಚ ಹೆಚ್ಚು. ಏಳು ಗಂಟೆಯ ಚಿತ್ರ ಎಂದರೆ ಪುಸ್ತಕವೆಲ್ಲ ಅದರೊಳಗೆ ಬಂದಿರಬೇಕು ಅನ್ನಿಸುತ್ತದೆ; ಬಂದಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ.

ಬೊಂಡಾರ್ಚುಕ್ ಮತ್ತು ನಾಟಕಕಾರ ವಸೀಲಿ ಸೊಲೊವ್ಯೋವ್ ಚಿತ್ರಕಥೆಯನ್ನು ಮೊದಲು ಮೂರು ಭಾಗಕ್ಕೆಂದು ಹೂಡಿ ಆಮೇಲೆ ನಾಲ್ಕಕ್ಕೆ ಬೆಳೆಸಿದರು. ಭಾಗಗಳ ಹೆಸರಿನಲ್ಲೇ ಅವರ ಲೆಕ್ಕಾಚಾರ ಕಾಣುತ್ತದೆ: ‘ಆಂದ್ರೇ ಬೊಲ್ಕೊನ್‌ಸ್ಕಿ’, ‘ನತಾಶಾ ರೊಸ್ತೋವಾ’, ‘1812’, ‘ಪಿಯೇರ್ ಬೆಜುಖೋವ್’. ಮೂವರು ಮನುಷ್ಯರು, ಒಂದು ವರ್ಷ. ಈ ಮೂವರ ದಾರಿಗೆ ಅಡ್ಡ ಬಂದದ್ದೆಲ್ಲ ಹೋಯಿತು. ಪಿಯೇರ್ ಫ್ರೀಮೇಸನ್ ಎಂಬ ರಹಸ್ಯ ಸಂಘ ಸೇರುವ ಉದ್ದನೆಯ ಪ್ರಸಂಗವಿಲ್ಲ. ಚರಿತ್ರೆ ಹೇಗೆ ನಡೆಯುತ್ತದೆ ಎಂದು ಟಾಲ್‌ಸ್ಟಾಯ್ ವಾದಕ್ಕಿಳಿಯುವ ಎರಡನೆಯ ಉಪಸಂಹಾರವಿಲ್ಲ. ಅದನ್ನು ಬಿಟ್ಟದ್ದಕ್ಕೆ ಯಾರೂ ಅಳುವುದಿಲ್ಲ; ಪುಸ್ತಕದ ಓದುಗರಲ್ಲೇ ಅರ್ಧ ಜನ ಆ ಭಾಗವನ್ನು ಮಗುಚಿ ಹಾಕುತ್ತಾರೆ.

ನಿಜವಾದ ನಷ್ಟ ನತಾಶಾಳ ಅಣ್ಣ ನಿಕೊಲಾಯ್ ರೊಸ್ತೋವ್ ಮತ್ತು ಆಂದ್ರೇಯ ತಂಗಿ ರಾಜಕುಮಾರಿ ಮಾರ್ಯಾ ಅವರ ಕಥೆಯದು. ಮೇಲುನೋಟಕ್ಕೆ ಅದೊಂದು ಉಪಕಥೆ. ಆದರೆ ಟಾಲ್‌ಸ್ಟಾಯ್ ಕಟ್ಟಡದಲ್ಲಿ ಅದು ಭಾರ ಹೊರುವ ಕಂಬ. ಆಂದ್ರೇಗೆ ಯುದ್ಧವೆಂದರೆ ಕೀರ್ತಿಯ ಕನಸು, ಆಮೇಲೆ ಅದರ ಭಂಗ. ಪಿಯೇರ್ ಬಿಳಿ ಟೋಪಿ ಹಾಕಿಕೊಂಡು ಯುದ್ಧ ನೋಡಲು ಹೋದವನು. ಯುದ್ಧವನ್ನು ದಿನಗೆಲಸದಂತೆ ಮಾಡುವ, ಕುದುರೆ ಮೇವಿನ ಚಿಂತೆ ಮಾಡುವ ಸಾಧಾರಣ ಅಧಿಕಾರಿ ನಿಕೊಲಾಯ್ ಒಬ್ಬನೇ. ಅವನನ್ನು ತೆಳುಮಾಡಿದ ಕೂಡಲೇ ಚಿತ್ರದ ಯುದ್ಧಕ್ಕೆ ಉಳಿಯುವುದು ಎರಡೇ ಬಣ್ಣ: ಘೋರ ಮತ್ತು ಭವ್ಯ. ಅವನ ಜೊತೆಗೆ ಸೋನ್ಯಾಳೂ ಕಳೆದುಹೋಗುತ್ತಾಳೆ. ಪುಸ್ತಕದಲ್ಲಿ ನಿಕೊಲಾಯ್‌ಗಾಗಿ ಕಾದು ಕಾದು ಕೊನೆಗೆ ಅದೇ ಮನೆಯ ಮೂಲೆಯಲ್ಲಿ ಉಳಿದುಬಿಡುವ ಹೆಣ್ಣು ಅವಳು. ಚಿತ್ರದಲ್ಲಿ ನತಾಶಾಳ ಪಕ್ಕ ನಿಲ್ಲುವ ಒಬ್ಬ ನೆಂಟಳು, ಅಷ್ಟೇ.

ಬಿಬಿಸಿ 1972ರಲ್ಲಿ ಇದೇ ಕಾದಂಬರಿಯನ್ನು 20 ಕಂತುಗಳ ಧಾರಾವಾಹಿ ಮಾಡಿದಾಗ ಈ ಎಳೆಗೆ ಜಾಗ ಸಿಕ್ಕಿತು. ಆಂಥನಿ ಹಾಪ್‌ಕಿನ್ಸ್ ಪಿಯೇರ್ ಆಗಿದ್ದ ಆ ಧಾರಾವಾಹಿಯ ಯುದ್ಧಗಳು ಬೊಂಡಾರ್ಚುಕ್ ಮುಂದೆ ಸಪ್ಪೆ. ಆದರೆ ಮನೆಯೊಳಗಿನ ಲೆಕ್ಕಾಚಾರ, ಸಾಲ, ಮದುವೆಯ ಚೌಕಾಸಿ ಎಲ್ಲವೂ ಅಲ್ಲಿವೆ. ಸಮಯ ಇದ್ದವನು ಕುಟುಂಬವನ್ನು ಉಳಿಸಿಕೊಂಡ, ಸೈನ್ಯ ಇದ್ದವನು ಯುದ್ಧವನ್ನು.

ಫಿಲ್ಮು ಕೈಕೊಟ್ಟ ಕಥೆ

ಚಿತ್ರೀಕರಣ ಶುರುವಾದದ್ದು 1962ರ ಸೆಪ್ಟೆಂಬರ್ 7ರಂದು. ನೆಪೋಲಿಯನ್ ಸೈನ್ಯವೂ ರಷ್ಯನ್ ಸೈನ್ಯವೂ ಎದುರಾದ ಬೊರೊದಿನೊ ಕಾಳಗ ನಡೆದು ಸರಿಯಾಗಿ 150 ವರ್ಷ ತುಂಬಿದ ದಿನ. ಮಾಸ್ಕೋದ ನೊವೊದೆವಿಚಿ ಮಠದ ಗೋಡೆಯ ಬಳಿ, ಮಾಸ್ಕೋಗೆ ಬೆಂಕಿ ಹಚ್ಚಿದರೆಂಬ ಆರೋಪದ ಮೇಲೆ ಫ್ರೆಂಚರು ಜನರನ್ನು ಗುಂಡಿಟ್ಟು ಕೊಲ್ಲುವ ದೃಶ್ಯ ಮೊದಲು ತೆಗೆದದ್ದು. ಅದು ಚಿತ್ರದ ಕೊನೆಯ ಭಾಗಕ್ಕೆ ಸೇರಿದ್ದು. ಅಂದರೆ ಪಿಯೇರ್ ಪಾತ್ರದ ಬೊಂಡಾರ್ಚುಕ್ ಮೊದಲ ದಿನವೇ ಪಾತ್ರದ ಅತಿ ಕಠಿಣ ಗಳಿಗೆಯನ್ನು ಆಡಬೇಕಾಯಿತು, ಆರಂಭದ ಹುಡುಗಾಟದ ಪಿಯೇರ್ ಆಮೇಲೆ ಬಂದ.

ಚಿತ್ರವನ್ನು 70 ಎಂಎಂ ಎಂಬ ಅಗಲ ಫಿಲ್ಮಿನಲ್ಲಿ ತೆಗೆಯಬೇಕೆಂದು ನಿರ್ಧಾರವಾಗಿತ್ತು. ಪಶ್ಚಿಮದಲ್ಲಿ 65 ಎಂಎಂ ನೆಗೆಟಿವ್‌ನಲ್ಲಿ ಚಿತ್ರಿಸಿ, ಧ್ವನಿಪಟ್ಟಿಗೆ ಜಾಗ ಸೇರಿಸಿ 70 ಎಂಎಂ ಪ್ರಿಂಟ್ ಹಾಕುತ್ತಿದ್ದರು. ಸೋವಿಯತ್ ಪದ್ಧತಿಯಲ್ಲಿ ನೆಗೆಟಿವ್ ಕೂಡ 70 ಎಂಎಂ. ಹೊರಗಿನಿಂದ ಕೊಡಾಕ್ ಫಿಲ್ಮ್ ತರಿಸಲು ವಿದೇಶಿ ವಿನಿಮಯದ ಅಭಾವ; ಅಮೆರಿಕಕ್ಕೆ ಸಡ್ಡು ಹೊಡೆಯುವ ಚಿತ್ರವನ್ನು ಅಮೆರಿಕದ ಫಿಲ್ಮಿನಲ್ಲಿ ತೆಗೆಯುವ ಮುಜುಗರ ಬೇರೆ. ಹಾಗಾಗಿ ಉಕ್ರೇನಿನ ಶೋಸ್ತ್ಕಾ ಕಾರ್ಖಾನೆಯ ಬಣ್ಣದ ಫಿಲ್ಮ್ ಗತಿಯಾಯಿತು.

ಅದರ ಗುಣಮಟ್ಟ ಕೆಟ್ಟದಾಗಿತ್ತು ಎಂದು ಛಾಯಾಗ್ರಾಹಕ ಅನತೋಲಿ ಪೆತ್ರಿತ್ಸ್ಕಿ ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ. ತೊಂದರೆಯ ಸ್ವರೂಪ ತಿಳಿಯಬೇಕಾದರೆ ಫಿಲ್ಮಿನ ಕಾಲದ ಕೆಲಸ ಹೇಗಿತ್ತೆಂದು ನೆನೆಯಬೇಕು. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ಲ್ಯಾಬಿಗೆ ಹೋಗಿ ಸಂಸ್ಕರಣೆಯಾಗಿ ಬರುವವರೆಗೆ ಅದರ ಮೇಲೆ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೋಣೆಯೊಳಗಿನ ಸಂಭಾಷಣೆ ಕೆಟ್ಟರೆ ಮರುದಿನ ಮತ್ತೆ ತೆಗೆಯಬಹುದು. ಸಾವಿರಾರು ಸೈನಿಕರು ಓಡಿ, ಮದ್ದು ಸಿಡಿದು, ಹುಲ್ಲೆಲ್ಲ ಕರಕಲಾದ ಮೇಲೆ ಫಿಲ್ಮಿನಲ್ಲೇ ದೋಷ ಎಂದರೆ? ಆ ಮೈದಾನವನ್ನು ಮತ್ತೆ ಮೊದಲಿನಂತೆ ಮಾಡಬೇಕು. ಒಂದು ಶಾಟ್ ಅನ್ನು ಮತ್ತೆ ಮತ್ತೆ ತೆಗೆಯುವುದು ಇಲ್ಲಿ ಅನಿವಾರ್ಯವಾಯಿತು, ಕೆಲವು ಯುದ್ಧದೃಶ್ಯಗಳು ನಲವತ್ತು ಟೇಕ್ ದಾಟಿದವು. ಬೊಂಡಾರ್ಚುಕ್ ಅವರ ಹಟಮಾರಿತನ ಎಂದು ಹೊರಗಿನವರು ಆಡಿಕೊಂಡದ್ದರಲ್ಲಿ ಒಂದಿಷ್ಟು ಪಾಲು ಶೋಸ್ತ್ಕಾ ಕಾರ್ಖಾನೆಗೆ ಸಲ್ಲಬೇಕು.

ಪೆತ್ರಿತ್ಸ್ಕಿ ಈ ಚಿತ್ರಕ್ಕೆ ಮೊದಲ ಆಯ್ಕೆಯಾಗಿರಲಿಲ್ಲ. ಅಲೆಕ್ಸಾಂದರ್ ಶೆಲೆನ್ಕೊವ್ ಮತ್ತು ಯು-ಲಾನ್ ಚೆನ್ ಎಂಬ ಅನುಭವಿ ದಂಪತಿ ಕೆಲಸ ಶುರುಮಾಡಿ, ನಿರ್ದೇಶಕರೊಂದಿಗೆ ಹೊಂದಿಕೆಯಾಗದೆ ನಡುವೆಯೇ ಬಿಟ್ಟುಹೋದರು. ಅವರ ಜಾಗಕ್ಕೆ ಬಂದ ಪೆತ್ರಿತ್ಸ್ಕಿಗೆ ಕಥಾಚಿತ್ರದ ಅನುಭವ ಹೆಚ್ಚೇನೂ ಇರಲಿಲ್ಲ. ಸೋವಿಯತ್ ಚರಿತ್ರೆಯ ಅತಿ ದುಬಾರಿ ಚಿತ್ರವನ್ನು ಬಹುತೇಕ ಹೊಸಬನ ಕೈಗೆ ಕೊಟ್ಟದ್ದು ಹುಚ್ಚು ಧೈರ್ಯವೇ. ಆದರೆ ಹೀಗೆ ಮಾಡಬಾರದು, ಹಾಗೆ ಮಾಡಲಾಗದು ಎಂಬ ಪಾಠ ಕಲಿಯದವನ ಕೈಗೆ ಕ್ಯಾಮೆರಾ ಹೋದದ್ದರಿಂದಲೇ ಚಿತ್ರದ ಅತ್ಯುತ್ತಮ ದೃಶ್ಯಗಳು ಹುಟ್ಟಿದವು.

ನತಾಶಾಳ ಮೊದಲ ನೃತ್ಯ

ಕಾದಂಬರಿಯಲ್ಲಿ ಹೊಸವರ್ಷದ ಹಿಂದಿನ ರಾತ್ರಿಯ ನೃತ್ಯಕೂಟಕ್ಕೆ ನತಾಶಾ ಮೊದಲ ಬಾರಿಗೆ ಬರುತ್ತಾಳೆ. ಟಾಲ್‌ಸ್ಟಾಯ್ ಬರೆಯುವುದು ಆ ಸಭೆಯ ವೈಭವವನ್ನಲ್ಲ. ಯಾರೂ ತನ್ನನ್ನು ಕುಣಿಯಲು ಕರೆಯದಿದ್ದರೆ ಎಂಬ ಹುಡುಗಿಯ ಹೆದರಿಕೆಯನ್ನು. ಕಣ್ಣೀರು ಬರುವ ಹೊತ್ತಿಗೆ ಆಂದ್ರೇ ಬಂದು ಕರೆಯುತ್ತಾನೆ.

ಇದನ್ನು 70 ಎಂಎಂನಲ್ಲಿ ತೆಗೆಯುವುದು ತಲೆನೋವಿನ ಕೆಲಸ. ಅಗಲವಾದ ಫ್ರೇಮ್ ಸಭಾಂಗಣವನ್ನು ಚೆನ್ನಾಗಿ ತೋರಿಸುತ್ತದೆ, ಮುಖವನ್ನು ನುಂಗುತ್ತದೆ. ಕ್ಯಾಮೆರಾವನ್ನು ಜೋಡಿಗಳ ನಡುವೆ ತರಬೇಕೆಂದರೆ ಟ್ರಾಲಿಗೆ ಹಳಿ ಹಾಸಬೇಕು. ಆ ಅಗಲದ ಫ್ರೇಮಿನಲ್ಲಿ ಹಳಿ ಕಂಡುಬಿಡುತ್ತದೆ, ಕುಣಿಯುವವರ ಕಾಲಿಗೂ ಸಿಗುತ್ತದೆ. ಮೇಲಾಗಿ ವಾಲ್ಟ್ಸ್ ಸುತ್ತುವ ಕುಣಿತ, ಹಳಿ ಹಾಕಿದ ದಾರಿಯಲ್ಲಷ್ಟೇ ಓಡುವ ಗಾಡಿಗೆ ಅದರ ಲಯ ಸಿಕ್ಕುವುದಿಲ್ಲ. ಕ್ರೇನ್ ಮೇಲಿನಿಂದ ನೋಡುತ್ತದೆ. ಹುಡುಗಿಯ ಕಣ್ಣಿನ ಎತ್ತರ ಅದಕ್ಕೆ ದೂರ.

ಪೆತ್ರಿತ್ಸ್ಕಿ ರೋಲರ್ ಸ್ಕೇಟ್ ಕಟ್ಟಿಕೊಂಡು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದರು. ಸಹಾಯಕನೊಬ್ಬ ಅವರನ್ನು ನೃತ್ಯದ ಜೋಡಿಗಳ ನಡುವೆ ನೂಕುತ್ತ ಎಳೆಯುತ್ತ ಹೋದ. ಹಳಿ ಬೇಡ, ತಿರುಗುವ ದಿಕ್ಕಿಗೆ ತಿರುಗಬಹುದು, ಎದುರು ಬರುವ ಜೋಡಿಗೆ ಇನ್ನೇನು ಡಿಕ್ಕಿ ಎನ್ನುವಾಗ ವಾಲಿಕೊಳ್ಳಬಹುದು. ಆಗ ಬರುವ ಸಣ್ಣ ತೂಗಾಟವೇ ಆ ದೃಶ್ಯದ ಜೀವ. ನೋಡುವವನಿಗೆ ಸಭೆ ಕಾಣುವುದಕ್ಕೆ ಮುಂಚೆ ತಲೆ ತಿರುಗಿದ ಅನುಭವವಾಗುತ್ತದೆ. ನತಾಶಾಳಿಗೂ ಆದದ್ದು ಅದೇ ತಾನೆ. ಟಾಲ್‌ಸ್ಟಾಯ್ ಪುಟಗಟ್ಟಲೆ ಬರೆದ ಒಳಗಿನ ಸಂಭ್ರಮ ಇಲ್ಲಿ ಒಂದು ಸಾಲು ಮಾತಿಲ್ಲದೆ ದಾಟಿದೆ. ನತಾಶಾ ಆಗಿದ್ದ ಲ್ಯುದ್ಮೀಲಾ ಸವೇಲ್ಯೆವಾ ಲೆನಿನ್‌ಗ್ರಾದಿನ ಬ್ಯಾಲೆ ಕಲಾವಿದೆ. ನಟನೆ ಹೊಸದು, ಮೈಯಲ್ಲಿ ಲಯ ಹಳೆಯದು. ಕತ್ತು ಎತ್ತುವ, ಉಸಿರು ಹಿಡಿಯುವ ಪರಿಯಲ್ಲೇ ಆಕೆ ಸಂಭಾಷಣೆಯ ಕೆಲಸ ಮುಗಿಸುತ್ತಾರೆ.

ಎರಡನೆಯ ಅಗ್ಗದ ಉಪಾಯ ಧ್ವನಿ. ಕಾದಂಬರಿಯ ನಿರೂಪಕನನ್ನು ಚಿತ್ರ ಕೈಬಿಟ್ಟಿಲ್ಲ. ಬೊಂಡಾರ್ಚುಕ್ ಅವರೇ ಟಾಲ್‌ಸ್ಟಾಯ್ ವಾಕ್ಯಗಳನ್ನು ಓದುತ್ತಾರೆ. ಪಾತ್ರಗಳ ಮನಸ್ಸಿನ ಮಾತು ಪಿಸುದನಿಯಾಗಿ ಕೇಳುತ್ತದೆ. ಮೇಲ್ವರ್ಗದವರು ಫ್ರೆಂಚ್ ಆಡುವಲ್ಲಿ ಫ್ರೆಂಚ್ ಹಾಗೆಯೇ ಉಳಿದು, ಅದರ ಮೇಲೆ ರಷ್ಯನ್ ಅನುವಾದದ ದನಿ ಹರಿಯುತ್ತದೆ. ತನ್ನದೇ ನಾಡಿನಲ್ಲಿ ಪರಭಾಷೆ ಆಡುವ ಕುಲೀನರನ್ನು ತೋರಿಸಲು ಇದಕ್ಕಿಂತ ಸರಳ ದಾರಿ ಇರಲಿಲ್ಲ. ಎಲ್ಲ ಕಡೆ ಇದು ಫಲಿಸಿಲ್ಲ ನಿಜ. ಮೊದಲ ಭಾಗದಲ್ಲಿ ಕಣ್ಣಿಗೆ ಕಂಡದ್ದನ್ನೇ ದನಿ ಮತ್ತೆ ಹೇಳುವ ಜಾಗಗಳಿವೆ, ಅಲ್ಲಿ ಚಿತ್ರ ಸಚಿತ್ರ ಪಾಠವಾಗಿಬಿಡುತ್ತದೆ. ಒಣಗಿದ ಓಕ್ ಮರದ ಮುಂದೆ ಆಂದ್ರೇ ಹಾದುಹೋಗುವಲ್ಲಿ, ಆಸ್ಟರ್ಲಿಟ್ಜ್ ಕಾಳಗದಲ್ಲಿ ಬಿದ್ದು ಆಕಾಶ ನೋಡುವಲ್ಲಿ ಮಾತ್ರ ದನಿಯೂ ದೃಶ್ಯವೂ ಒಂದನ್ನೊಂದು ಹೊರುತ್ತವೆ.

ಬೊರೊದಿನೊ

ಈಗ ಅಂಕಿಗಳಿಗೆ ಬರೋಣ. ಬೊರೊದಿನೊ ಕಾಳಗವನ್ನು ಬೊರೊದಿನೊದಲ್ಲೇ ತೆಗೆಯಲಾಗಲಿಲ್ಲ: ಆ ಬಯಲಿನ ತುಂಬ ಸ್ಮಾರಕಗಳು. ಸ್ಮೊಲೆನ್ಸ್ಕ್ ಪ್ರಾಂತ್ಯದ ದೊರೊಗೊಬುಝ್ ಬಳಿಯ ಬಯಲು ಆಯ್ಕೆಯಾಯಿತು. 1963ರ ಆಗಸ್ಟ್ 25ಕ್ಕೆ ಕೆಲಸ ಶುರು. ರಕ್ಷಣಾ ಇಲಾಖೆ ಕೊಟ್ಟದ್ದು 13,500 ಕಾಲಾಳು, 1,500 ಸವಾರರು. ಲಕ್ಷಾಂತರ ಸೈನಿಕರೆಂಬ ದಂತಕಥೆ ಪಶ್ಚಿಮದಲ್ಲಿ ಹಬ್ಬಿದ್ದು ಆಮೇಲೆ. ಅಸಲಿ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು ಎರಡೂವರೆ ಲಕ್ಷ ಜನ ಇದ್ದರು. ಹದಿನೈದು ಸಾವಿರವನ್ನು ಅಷ್ಟಾಗಿ ಕಾಣಿಸಲು ನೆರವಾದದ್ದು ಹೊಗೆ: 23 ಟನ್ ಮದ್ದು, 40,000 ಲೀಟರ್ ಸೀಮೆಎಣ್ಣೆ, 10,000 ಹೊಗೆಗುಂಡು. ಹೊಗೆ ಸೈನ್ಯದ ಅಂಚನ್ನು ಮುಚ್ಚುತ್ತದೆ; ಅಂಚು ಕಾಣದ ಸೈನ್ಯಕ್ಕೆ ಕೊನೆಯೇ ಇಲ್ಲ.

ಕುದುರೆಗಳದ್ದೇ ಬೇರೆ ಫಜೀತಿ. ಸೋವಿಯತ್ ಸೇನೆ ಅಶ್ವದಳಗಳನ್ನು ಆಗಲೇ ವಿಸರ್ಜಿಸಿತ್ತು. ಕಾಕಸಸ್ ಆಚೆಯ ಮತ್ತು ತುರ್ಕಿಸ್ತಾನದ ಸೇನಾವಲಯಗಳಲ್ಲಿ ಬೆಟ್ಟದ ಫಿರಂಗಿ ಎಳೆಯಲು ಉಳಿದಿದ್ದ ಕುದುರೆಗಳು ಸಿಕ್ಕವು, ಕೃಷಿ ಇಲಾಖೆ 900 ಕೊಟ್ಟಿತು, ಮಾಸ್ಕೋ ಪೊಲೀಸರ ಅಶ್ವದಳದಿಂದ ಒಂದು ತುಕಡಿ ಬಂತು. 60 ಹಳೆಯ ಮಾದರಿಯ ಫಿರಂಗಿ ಎರಕ ಹೊಯ್ದರು, 120 ಗಾಡಿ ಕಟ್ಟಿದರು, 11,000 ಸೈನಿಕ ಟೋಪಿ ಹೊಲಿಸಿದರು. ಮನೆಯೊಳಗಿನ ಪೀಠೋಪಕರಣ, ತೂಗುದೀಪ, ಊಟದ ಸಾಮಾನಿಗೆ ನಲವತ್ತಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳು ನೆರವಾದವು.

ಬಯಲನ್ನು ಭಾಗಗಳಾಗಿ ವಿಂಗಡಿಸಿ ಉದ್ದಕ್ಕೂ ಧ್ವನಿವರ್ಧಕ ಹೂಡಿದ್ದರು. ನಿರ್ದೇಶಕ ಒಂದು ಕಡೆ ನಿಂತು ಹೇಳಿದರೆ ಇಂಥ ಭಾಗದ ತುಕಡಿ ಓಡಬೇಕು, ಇಂಥ ಕಡೆ ಮದ್ದು ಸಿಡಿಯಬೇಕು. ಹೆಲಿಕಾಪ್ಟರ್ ಮೇಲಿಂದ ಚಿತ್ರಿಸಿತು. ಎರಡು ಕಂಬಗಳ ನಡುವೆ ನೂರು ಮೀಟರಿಗೂ ಉದ್ದದ ತಂತಿ ಬಿಗಿದು, ಅದರ ಮೇಲೆ ಕ್ಯಾಮೆರಾ ಜಾರಿಬಿಟ್ಟರು. ಫಿರಂಗಿ ಗುಂಡು ಹಾರಿದ ದಾರಿಯಲ್ಲೇ ನಾವೂ ಜನರ ತಲೆಯ ಮೇಲೆ ಹಾರಿಹೋದ ಹಾಗಿರುವ ಆ ಶಾಟ್ ಇಂದಿಗೂ ಉಸಿರು ಕಟ್ಟಿಸುತ್ತದೆ. ಡ್ರೋನ್ ಬರಲು ಇನ್ನೂ ಅರ್ಧ ಶತಮಾನ ಇತ್ತು.

ಆದರೆ ಇಲ್ಲೊಂದು ವಿಚಿತ್ರ ಇದೆ. 1867ರಲ್ಲಿ ಬೊರೊದಿನೊ ಬಯಲಿಗೆ ಹೋಗಿ ಸುತ್ತಾಡಿ ಬಂದು ಟಾಲ್‌ಸ್ಟಾಯ್ ಬರೆದದ್ದರ ತಿರುಳೇನು? ಆ ದಿನ ನೆಪೋಲಿಯನ್ ಕೊಟ್ಟ ಆಜ್ಞೆಗಳಲ್ಲಿ ಒಂದೂ ಹೇಳಿದಂತೆ ನಡೆಯಲಿಲ್ಲ. ಕಾಳಗ ಯಾರ ಮಾತೂ ಕೇಳದೆ ತನ್ನಷ್ಟಕ್ಕೆ ನಡೆಯಿತು. ಚಿತ್ರದ ಬೊರೊದಿನೊದಲ್ಲಿ ಧ್ವನಿವರ್ಧಕದ ಪ್ರತಿ ಮಾತೂ ಜಾರಿಯಾಗುತ್ತದೆ. ಸಾಲುಗಳು ನೇರ, ಸ್ಫೋಟಗಳು ಸರಿಯಾದ ಹೊತ್ತಿಗೆ. ಮೇಲಿನಿಂದ ನೋಡಿದಾಗ ಅದು ಗೊಂದಲದಂತೆ ಕಾಣುವುದಿಲ್ಲ, ಗೊಂದಲದ ಕವಾಯತಿನಂತೆ ಕಾಣುತ್ತದೆ. ಬೊಂಡಾರ್ಚುಕ್‌ಗೆ ಇದರ ಅರಿವು ಇದ್ದಿರಬೇಕು. ಮತ್ತೆ ಮತ್ತೆ ಕ್ಯಾಮೆರಾ ಆಕಾಶ ಬಿಟ್ಟು ಪಿಯೇರ್ ಜೊತೆ ಫಿರಂಗಿ ದಿಬ್ಬಕ್ಕೆ ಇಳಿಯುತ್ತದೆ. ಆಗ ಎದುರಿಗೇನಿದೆ ಎಂದು ನಮಗೂ ತಿಳಿಯದು. ಟಾಲ್‌ಸ್ಟಾಯ್ ಬೊರೊದಿನೊ ಇರುವುದು ಆ ದಿಬ್ಬದಲ್ಲಿ, ಹೆಲಿಕಾಪ್ಟರಿನಲ್ಲಲ್ಲ. ಆಂದ್ರೇಯ ರೆಜಿಮೆಂಟ್ ಒಂದೂ ಗುಂಡು ಹಾರಿಸದೆ ನಿಂತಲ್ಲೇ ಸಾಯುವ ದೃಶ್ಯಕ್ಕೆ ಹೆಚ್ಚು ಜನ ಬೇಕಿರಲಿಲ್ಲ. ಬೇಕಾಗಿದ್ದದ್ದು ಬುಗುರಿಯಂತೆ ಸುತ್ತುವ ಒಂದು ಗುಂಡು, ಅದನ್ನು ನೋಡುತ್ತ ನಿಂತ ಒಂದು ಮುಖ.

ಗಡುವು, ಹೃದಯ, ಬೆಂಕಿ

1964ರ ನಡುವೆ ಮೇಲಿನಿಂದ ಆದೇಶ ಬಂತು: ಉಳಿದ ಕೆಲಸ ನಿಲ್ಲಿಸಿ, 1965ರ ಮಾಸ್ಕೋ ಚಿತ್ರೋತ್ಸವಕ್ಕೆ ಮೊದಲೆರಡು ಭಾಗ ಸಿದ್ಧವಾಗಬೇಕು. ಅವೆರಡರಲ್ಲೂ ತೆಗೆಯಬೇಕಾದದ್ದು ಇನ್ನೂ ಸಾಕಷ್ಟಿತ್ತು. ಬೊಂಡಾರ್ಚುಕ್ ಆ ಜುಲೈನಲ್ಲಿ ಹೃದಯ ಸ್ತಂಭಿಸಿ ಬಿದ್ದರು, ಮುಂದಿನ ವರ್ಷ ಮತ್ತೊಮ್ಮೆ. ಆಂದ್ರೇ ಸಾಯುವಾಗ ಕಾಣುವ ಬಿಳಿ ಬೆಳಕಿನ ಗೋಡೆ ಆ ಅನುಭವದಿಂದ ಬಂದದ್ದೆಂದು ಹೇಳುತ್ತಾರೆ. ಎರಡು ಭಾಗಗಳು ಉತ್ಸವಕ್ಕೆ ವಾರವೂ ಇಲ್ಲದಿದ್ದಾಗ ಕೈಸೇರಿದವು. ಒಂದು ಹಂಗೇರಿಯನ್ ಚಿತ್ರದ ಜೊತೆ ಹಂಚಿಕೊಂಡು ದೊಡ್ಡ ಬಹುಮಾನ ಗೆದ್ದವು.

ಮಾಸ್ಕೋ ಸುಡುವ ದೃಶ್ಯ ಉಳಿದಿತ್ತು. ವೊಲೊಕೊಲಾಮ್ಸ್ಕ್ ಸಮೀಪದ ತೆರ್ಯಾಯೆವೊ ಹಳ್ಳಿಯಲ್ಲಿ ಹಳೆಯ ಮಠದ ಪಕ್ಕ ಮರದ ನಗರ ಕಟ್ಟಿ, ಡೀಸೆಲ್ ಸುರಿದು, 1966ರ ಅಕ್ಟೋಬರ್ 17ರಂದು ಹೊತ್ತಿಸಿದರು. ಐದು ಅಗ್ನಿಶಾಮಕ ವಾಹನಗಳು ಕಾದಿದ್ದವು. ನಲವತ್ತು ಟೇಕಿನ ಅಭ್ಯಾಸದವರಿಗೆ ಇಲ್ಲಿ ಸಿಕ್ಕಿದ್ದು ಒಂದೇ.

ಲೆಕ್ಕ

ಅಧಿಕೃತ ಖರ್ಚು 82,91,712 ರೂಬಲ್. ಆಗಿನ ದರದಲ್ಲಿ ಸುಮಾರು 92 ಲಕ್ಷ ಡಾಲರ್. ಅಮೆರಿಕದ ಜಾಹೀರಾತುಗಳು ಹತ್ತು ಕೋಟಿ ಡಾಲರ್ ಎಂದು ಸಾರಿದವು. ಸೈನಿಕರ ಸಂಬಳ ಸೇನೆಯ ಖಾತೆಯಲ್ಲಿ, ಸಂಗ್ರಹಾಲಯದ ಸಾಮಾನು ಎರವಲು. ಹೀಗಾಗಿ ನಿಜವಾದ ಬೆಲೆ ಇಷ್ಟೇ ಎಂದು ಕಟ್ಟುವುದು ಯಾವ ಕಡೆಯವರಿಗೂ ಆಗದ ಮಾತು.

ಪ್ರೇಕ್ಷಕರ ಲೆಕ್ಕ ಹೆಚ್ಚು ಮಾತಾಡುತ್ತದೆ. 1966ರ ಮಾರ್ಚಿನಲ್ಲಿ ಬಂದ ಮೊದಲ ಭಾಗಕ್ಕೆ 5 ಕೋಟಿ 83 ಲಕ್ಷ ಟಿಕೆಟ್. ಜುಲೈನ ಎರಡನೆಯದಕ್ಕೆ 3 ಕೋಟಿ 62 ಲಕ್ಷ. ಆಮೇಲೆ ಒಂದು ವರ್ಷ ಏನೂ ಇಲ್ಲ. 1967ರ ಜುಲೈನಲ್ಲಿ ‘1812’ ಬಂದಾಗ 2 ಕೋಟಿ 10 ಲಕ್ಷ, ನವೆಂಬರಿನ ಕೊನೆಯ ಭಾಗಕ್ಕೆ 1 ಕೋಟಿ 98 ಲಕ್ಷ. ಮೊದಲು ಬಂದವರಲ್ಲಿ ಕೊನೆಗೆ ಉಳಿದದ್ದು ಮೂರರಲ್ಲಿ ಒಂದು ಪಾಲು. ಇಡೀ ಸೈನ್ಯ ದುಡಿದ ಬೊರೊದಿನೊ ಇರುವುದು ಮೂರನೆಯ ಭಾಗದಲ್ಲಿ. ಅದನ್ನು ನೋಡಿದವರಿಗಿಂತ ಒಂದೂವರೆ ಕೋಟಿ ಹೆಚ್ಚು ಜನ ನೋಡಿದ್ದು ಸ್ಕೇಟ್ ಮೇಲೆ ತೆಗೆದ ನೃತ್ಯವನ್ನು. ನಡುವಿನ ವರ್ಷದ ಖಾಲಿ, ಉತ್ಸವದ ಗಡುವಿನಿಂದ ಕೆಟ್ಟ ಅನುಕ್ರಮ ಇದಕ್ಕೆ ಕಾರಣವಾದೀತು. ಇಪ್ಪತ್ತರ ಪಿಯೇರ್ ಆಗಿ ನಲವತ್ತು ದಾಟಿದ ನಿರ್ದೇಶಕನನ್ನು ಒಪ್ಪಿಕೊಳ್ಳಲು ಕೆಲವರಿಗೆ ಆಗದೆಯೂ ಇದ್ದೀತು.

ಅಮೆರಿಕದಲ್ಲಿ ಚಿತ್ರವನ್ನು ಇಂಗ್ಲಿಷಿಗೆ ಡಬ್ ಮಾಡಿ, ಆರು ಗಂಟೆ ಚಿಲ್ಲರೆಗೆ ಕತ್ತರಿಸಿ 1968ರಲ್ಲಿ ತೋರಿಸಿದರು. ಫ್ರೆಂಚ್-ರಷ್ಯನ್ ಎಂಬ ಎರಡು ಪದರದ ದನಿ ಅಲ್ಲಿಗೆ ಮುಗಿಯಿತು. ಆದರೂ 1969ರಲ್ಲಿ ವಿದೇಶಿ ಭಾಷಾ ಚಿತ್ರದ ಆಸ್ಕರ್ ಸೋವಿಯತ್ ಒಕ್ಕೂಟಕ್ಕೆ ಮೊದಲ ಬಾರಿ ಬಂತು. 70 ಎಂಎಂ ನೆಗೆಟಿವ್ ಕಾಲಕ್ರಮೇಣ ಕೆಟ್ಟಿತು. ಚಿತ್ರ ತಯಾರಿಸಿದ ಮಾಸ್‌ಫಿಲ್ಮ್ ಸ್ಟುಡಿಯೋ 2010ರ ದಶಕದಲ್ಲಿ ಡಿಜಿಟಲ್ ಆಗಿ ಸರಿಪಡಿಸಿದ ಪ್ರತಿಯೇ ಈಗ ನೋಡಲು ಸಿಗುವುದು. ಮೊದಲ ಸಲ ನೋಡುವವರು ಎರಡನೆಯ ಭಾಗದಿಂದ ಶುರುಮಾಡಿದರೂ ತಪ್ಪೇನಿಲ್ಲ.

ಈ ಚಿತ್ರಕ್ಕಾಗಿಯೇ 1962ರಲ್ಲಿ ಕಟ್ಟಿದ ಪ್ರತ್ಯೇಕ ಅಶ್ವದಳವನ್ನು ಚಿತ್ರೀಕರಣ ಮುಗಿದ ಮೇಲೆ ಯಾರೂ ವಿಸರ್ಜಿಸಲಿಲ್ಲ. ಅದು ದಶಕಗಳ ಕಾಲ ಬೇರೆ ಬೇರೆ ಚಿತ್ರಗಳಲ್ಲಿ ದುಡಿದು, 2002ರಲ್ಲಿ ಕ್ರೆಮ್ಲಿನ್‌ನ ಅಧ್ಯಕ್ಷೀಯ ರೆಜಿಮೆಂಟಿಗೆ ಸೇರಿತು. ಈಗ ಮೆರವಣಿಗೆಯ ಗೌರವದಳ.